ಭಿನ್ನವಾಗಿ ಬೆಳೆಯುವ ಮಕ್ಕಳು ಮತ್ತು ನಮ್ಮ ಕುಟುಂಬಗಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕುಟುಂಬ ದಿನಾಚರಣೆಯಲ್ಲಿ ಧರ್ಮಕೇಂದ್ರದ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಪಾಠ)



 ದೇವಾಲಯದ ಚರಿತ್ರೆಯನ್ನು ಕುರಿತು ಮಾತನಾಡಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ಸ್ಮರಣ ಸಂಚಿಕೆಯ ಸಲುವಾಗಿ ಹಳೆಯ ದಾಖಲೆಗಳನ್ನು ಪ್ರತಿ ಮಾಡಿಕೊಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು. ಕಳೆದ ಮಳೆಗಾಲವಿಡೀ ಗುರುಗಳ ನಿವಾಸದ ಪಡಸಾಲೆಯಲ್ಲಿ ಕುಳಿತು ನೂರು ವರ್ಷಗಳ ಜ್ಞಾನಸ್ನಾನದ ಪುಸ್ತಕಗಳನ್ನು ಪುಟಪುಟವಾಗಿ ತಿರುವಿದೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ದಿನಾಂಕ, ಗುರುಗಳ ಸಹಿ, ಇಷ್ಟೇ ಅದರಲ್ಲಿರುವುದು. ಶ್ರೀಮಂತರ ಮಗುವಿಗೂ ಕೂಲಿಯವರ ಮಗುವಿಗೂ ಒಂದೊಂದೇ ಸಾಲು. ಯಾವ ಮಗು ಬೇಗ ಮಾತು ಕಲಿಯಿತು, ಯಾವುದು ಕಲಿಯಲೇ ಇಲ್ಲ ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ.

ನನ್ನ ಬಾಲ್ಯದಲ್ಲಿ ದೇವಾಲಯದ ಹಿಂದಿನ ಓಣಿಯಲ್ಲಿ ಒಬ್ಬ ಮನುಷ್ಯನಿದ್ದ. ಅವನಿಗೆ ಮಾತು ಬರುತ್ತಿರಲಿಲ್ಲ. ದಿನವೆಲ್ಲ ಗೋಡೆಗೆ ಒರಗಿ ಕುಳಿತು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. ತ್ರಿಕಾಲ ಪ್ರಾರ್ಥನೆಯ ಘಂಟೆ ಬಾರಿಸಿದೊಡನೆ ಎರಡೂ ಕಿವಿಗಳನ್ನು ಮುಚ್ಚಿಕೊಂಡು ಚೀರುತ್ತಿದ್ದ. ಅದನ್ನು ನೋಡಬೇಕೆಂದೇ ಹುಡುಗರಾದ ನಾವು ಅವನ ಮುಂದೆ ತಗಡಿನ ಡಬ್ಬ ಬಡಿಯುತ್ತಿದ್ದೆವು. ಊರವರು ಅವನನ್ನು ಕರೆಯುತ್ತಿದ್ದ ಅಡ್ಡಹೆಸರನ್ನು ಈ ಪವಿತ್ರ ಸ್ಥಳದಲ್ಲಿ ಉಚ್ಚರಿಸಲಾರೆ. ದಾಖಲೆಗಳನ್ನು ತಿರುವುವಾಗ ಅವನ ತಂದೆತಾಯಿಯರ ಹೆಸರಿನ ಪಕ್ಕದಲ್ಲಿ ಅವನ ಹೆಸರು ಸಿಕ್ಕಿತು. ಒಬ್ಬ ಮಹಾ ಸಂತರ ಹೆಸರನ್ನೇ ಅವನಿಗೆ ಇಟ್ಟಿದ್ದರು. ಅವನಿಗೊಂದು ಹೆಸರಿತ್ತೆಂಬುದು ನನಗೆ ತಿಳಿದುದು ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ಆ ದಿನ ನನಗೆ ಬರವಣಿಗೆ ಮುಂದುವರಿಸಲಾಗಲಿಲ್ಲ. ಈ ವಿಷಯವನ್ನು ಕುರಿತು ಮಾತನಾಡಲು ಅಪ್ಪಣೆ ಕೊಡಬೇಕೆಂದು ಗುರುಗಳಲ್ಲಿ ನಾನೇ ಕೇಳಿಕೊಂಡೆ.

ಇನ್ನೊಂದು ಕಾರಣವೂ ಉಂಟು. ನನ್ನ ಕಿರಿಯ ಮಗನ ಮಗನನ್ನು ನೀವೆಲ್ಲ ನೋಡಿದ್ದೀರಿ. ಈಗ ಅವನಿಗೆ ಹನ್ನೊಂದು ವರ್ಷ. ಎರಡೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆಟದ ಬಂಡಿಯನ್ನು ಓಡಿಸದೆ, ಬುಡಮೇಲು ಮಾಡಿ ಅದರ ಗಾಲಿಯನ್ನೇ ತಾಸುಗಟ್ಟಲೆ ತಿರುಗಿಸುತ್ತಿದ್ದ. ಗಂಡು ಮಕ್ಕಳಿಗೆ ಮಾತು ತಡವೆಂದು ನನ್ನ ಪತ್ನಿ ಸಮಾಧಾನ ಹೇಳುತ್ತಿದ್ದಳು. ಕಿವಿ ಮಂದವಿರಬಹುದೆಂದು ಭಾವಿಸಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಕಿವಿಗಳು ಚೆನ್ನಾಗಿಯೇ ಇದ್ದವು. ಇತರ ಪರೀಕ್ಷೆಗಳ ನಂತರ, ಇದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ, ಎಂದು ತಿಳಿಸಿದರು. ಮನೆಗೆ ಬಂದ ರಾತ್ರಿ ನಾನು ಆಡಿದ ಮೊದಲ ಮಾತು ಇದು: "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ." ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನನ್ನ ಸೊಸೆ ತಲೆ ಎತ್ತಲಿಲ್ಲ.

ಅವನಿಗೆ ಐದು ವರ್ಷವಾಗಿದ್ದಾಗ ಒಂದು ಭಾನುವಾರ, ಬಲಿಪೂಜೆಯಲ್ಲಿ ಗುರುಗಳು ಪರಮ ಪ್ರಸಾದವನ್ನು ಮೇಲೆತ್ತಿದ ಹೊತ್ತಿನಲ್ಲಿ ಪೀಠದ ಘಂಟೆ ಬಾರಿಸಿತು. ಹುಡುಗ ಕಿರುಚಿಕೊಂಡು ನೆಲಕ್ಕೆ ಬಿದ್ದು ಹೊರಳಿದ. ಇಡೀ ದೇವಾಲಯ ತಿರುಗಿ ನೋಡಿತು. ಮುಂದಿನ ಸಾಲಿನಲ್ಲಿದ್ದ ನಾನೂ ತಿರುಗಿ, ಆ ತಾಯಿಯನ್ನು ದುರುಗುಟ್ಟಿ ನೋಡಿದೆ. ದಾರಿಯಲ್ಲಿ ಅವಳಿಗೆ, "ಅವನು ಸ್ವಲ್ಪ ದೊಡ್ಡವನಾಗಲಿ ಮಗಳೇ. ಅಲ್ಲಿಯವರೆಗೆ ನೀನು ಮನೆಯಲ್ಲೇ ಜಪಸರ ಮಾಡಿಕೊಂಡಿರು" ಎಂದೆ. "ಆಗಲಿ ಮಾವ" ಎಂದಳು. ಹದಿನಾಲ್ಕು ತಿಂಗಳ ಕಾಲ ಅವಳು ಈ ದೇವಾಲಯದ ಹೊಸ್ತಿಲು ತುಳಿಯಲಿಲ್ಲ. ಏಕೆ ಬರಲಿಲ್ಲವೆಂದು ನಾವು ಯಾರೂ ಕೇಳಲಿಲ್ಲ. ಇಂದು ನಾನು ಮಾತನಾಡುತ್ತಿರುವುದು ಉಪದೇಶಕನಾಗಿ ಅಲ್ಲ, ತಪ್ಪೊಪ್ಪಿಕೊಳ್ಳುವವನಾಗಿ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ, ಇವನನ್ನು ಹೆತ್ತವರದೋ ಎಂದು ಪ್ರಭುವನ್ನು ಪ್ರಶ್ನಿಸಿದರು. ಪ್ರಭು ಇಬ್ಬರನ್ನೂ ಆ ದೋಷದಿಂದ ಬಿಡಿಸಿದರು. ಇಷ್ಟು ಸ್ಪಷ್ಟವಾದ ಉತ್ತರವನ್ನು ಭಾನುವಾರ ಕೇಳಿದ ನಾವು ಸೋಮವಾರ ಅದೇ ಹಳೆಯ ಪ್ರಶ್ನೆಯನ್ನು ಬೀದಿಯಲ್ಲಿ ಕೇಳುತ್ತೇವೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೇ? ಹೊತ್ತ ಹರಕೆಯನ್ನು ತೀರಿಸಲಿಲ್ಲವೇ? ದೃಷ್ಟಿ ತಾಗಿತೇ? ಕೆಲಸಕ್ಕೆ ಹೋಗುವ ತಾಯಿ ಮಗುವಿನೊಡನೆ ಮಾತನಾಡಲಿಲ್ಲವೇ? ಸಂಬಂಧಿಕರೊಬ್ಬರು, ವಿಶ್ವಾಸವಿದ್ದರೆ ಮಗು ಇಷ್ಟರಲ್ಲಿ ಮಾತನಾಡುತ್ತಿತ್ತು ಎಂದು ನನ್ನ ಸೊಸೆಯ ಮುಖಕ್ಕೇ ಹೇಳಿದರು. ಮಗುವಿನ ಭಾರದ ಮೇಲೆ ಅವಿಶ್ವಾಸದ ಆರೋಪವನ್ನೂ ಅವಳ ತಲೆಗೆ ಹೊರಿಸಿದಂತಾಯಿತು.

ಈ ತಪ್ಪನ್ನು ಹಳ್ಳಿಯವರು ಮಾತ್ರ ಮಾಡಿದ್ದಲ್ಲ, ವಿದ್ಯಾವಂತರೂ ಮಾಡಿದ್ದಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಪರಿಶೀಲಿಸಿ ಈ ಸ್ಥಿತಿಯನ್ನು ಕುರಿತು ಪ್ರಸಿದ್ಧ ಲೇಖನವನ್ನು ಬರೆದರು. ಮುಂದಿನ ದಶಕಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದುದೇ ಇದಕ್ಕೆ ಕಾರಣವೆಂಬ ವಾದ ಬಲವಾಗಿ ಬೆಳೆಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಗ್ರಂಥವೊಂದು ಆ ವಾದವನ್ನು ಜಗತ್ತಿಗೆಲ್ಲ ಹರಡಿತು. ಅದಕ್ಕೂ ಮೊದಲೇ, 1964ರಲ್ಲಿ, ಸ್ವತಃ ಇಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ಕಾರಣವಿರುವುದು ಶರೀರದಲ್ಲಿ, ತಾಯಿಯ ಮನಸ್ಸಿನಲ್ಲಿ ಅಲ್ಲ ಎಂದು ಬರೆದಿದ್ದರು. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ವೃದ್ಧರಾಗಿದ್ದ ಕ್ಯಾನರ್ ಅವರೇ ಎದ್ದು ನಿಂತು, ತಂದೆತಾಯಿಯರು ನಿರ್ದೋಷಿಗಳೆಂದು ಬಹಿರಂಗವಾಗಿ ಸಾರಿದರು. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಪ್ರತಿಯೊಂದು ಜೋಡಿಯಲ್ಲೂ ಕನಿಷ್ಠ ಒಂದು ಮಗುವಿಗೆ ಸ್ವಲೀನತೆ ಇತ್ತು. ತದ್ರೂಪಿಗಳಾಗಿದ್ದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಅದು ಕಂಡುಬಂದಿತು; ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಹುಟ್ಟಿನೊಂದಿಗೆ ಬರುವ ವಂಶವಾಹಿಗಳ ಪಾತ್ರವೇ ಇದರಲ್ಲಿ ದೊಡ್ಡದೆಂಬುದು ಇಂದು ವೈದ್ಯಶಾಸ್ತ್ರ ಒಪ್ಪಿರುವ ಮಾತು. ಲಸಿಕೆಯಿಂದ ಇದು ಬರುತ್ತದೆಂದು 1998ರಲ್ಲಿ ಪ್ರಕಟವಾದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಹೆದರಿಕೆಯಿಂದ ಲಸಿಕೆ ತಪ್ಪಿಸಬೇಡಿ.

ಇಂತಹ ಮಕ್ಕಳು ವಿರಳವೆಂದೂ ತಿಳಿಯಬೇಡಿ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಸ್ವಲೀನತೆ ಉಳ್ಳವರಿದ್ದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದರ ಜೊತೆಗೆ, ಒಂದೆಡೆ ಚಿತ್ತ ನಿಲ್ಲದ, ಸದಾ ಚಡಪಡಿಸುವ ಮಕ್ಕಳಿದ್ದಾರೆ. ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಕೈಗೆ ಹತ್ತದ ಮಕ್ಕಳಿದ್ದಾರೆ. ನಿಧಾನವಾಗಿ ಕಲಿಯುವ ಮಕ್ಕಳಿದ್ದಾರೆ. ಇವರೆಲ್ಲರ ಮಿದುಳು ಬೆಳೆದಿರುವ ಬಗೆಯೇ ಬೇರೆ. ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದ ನನಗೆ ಇದು ತಿಳಿದಿರಲಿಲ್ಲ. ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತಿದ್ದ ಒಬ್ಬ ಹುಡುಗನನ್ನು ವರ್ಷವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಕೆಟ್ಟ ಕೈಗಡಿಯಾರವನ್ನು ಬಿಚ್ಚಿ ಸರಿಪಡಿಸಬಲ್ಲ ಹುಡುಗ ಅವನು. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟ. ಅವನು ದಡ್ಡನೆಂದು ಅವನ ತಂದೆಗೆ ಹೇಳಿ ನಂಬಿಸಿದವನು ನಾನೇ.

ಹಾಗಾದರೆ ಏನು ಮಾಡಬೇಕು? ಮಗುವನ್ನು ಅಂಗೀಕರಿಸಿ ಎನ್ನುತ್ತಾರೆ. ಅಂಗೀಕಾರವೆಂದರೆ ದೇವರ ಚಿತ್ತವೆಂದು ಕೈಕಟ್ಟಿ ಕುಳಿತುಕೊಳ್ಳುವುದೆಂದು ಹಲವರು ತಿಳಿದಿದ್ದಾರೆ. ಮಗು ಇರುವಂತೆಯೇ ನಮ್ಮದೆಂದು ಒಪ್ಪಿ, ಅನಂತರ ಅದಕ್ಕೆ ಏನು ಬೇಕೋ ಅದನ್ನು ಮಾಡಲು ಎದ್ದು ನಿಲ್ಲುವುದು ನಿಜವಾದ ಅಂಗೀಕಾರ. ಒಂದು ವರ್ಷ ತುಂಬಿದರೂ ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ತೋರಿಸಿ ಕೇಳದ, ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಆಡದ, ಅಥವಾ ಬಂದಿದ್ದ ಮಾತನ್ನೇ ಕಳೆದುಕೊಂಡ ಮಗುವಿದ್ದರೆ, ಮುಂದಿನ ಹಬ್ಬದವರೆಗೆ ನೋಡೋಣವೆಂದು ಕಾಯಬೇಡಿ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. 1965ರಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇದಕ್ಕೆ ಗುಳಿಗೆ ನುಂಗಿಸಿ ಗುಣಪಡಿಸುವ ಔಷಧವಿಲ್ಲ. ಪೂರ್ಣ ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಆದರೆ ಚಿಕ್ಕ ವಯಸ್ಸಿನಲ್ಲೇ ಆರಂಭಿಸಿದ ತರಬೇತಿಯಿಂದ ಮಗು ತನ್ನ ಬೇಕುಬೇಡಗಳನ್ನು ತಿಳಿಸಲು, ತನ್ನ ಕೆಲಸ ತಾನು ಮಾಡಿಕೊಳ್ಳಲು ಕಲಿಯುತ್ತದೆ. ವಾರಕ್ಕೊಮ್ಮೆ ಪರಿಣತರು ಕಲಿಸಿದುದನ್ನು ಉಳಿದ ಆರು ದಿನ ಮನೆಯವರೇ ಮಾಡಬೇಕು.

ನಮ್ಮ ಮನೆಯಲ್ಲಿ ಏನು ಮಾಡಿದೆವೆಂಬುದನ್ನು ಹೇಳುತ್ತೇನೆ. ಹಳೆಯ ಕ್ಯಾಲೆಂಡರುಗಳಿಂದ ನಾನು ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಕೊಟ್ಟೆ. ಮುಖ ತೊಳೆಯುವುದು, ತಿಂಡಿ, ಶಾಲೆ, ಆಟ, ನಿದ್ರೆ, ಹೀಗೆ ದಿನದ ಕೆಲಸಗಳೆಲ್ಲ ಸಾಲಾಗಿ ಗೋಡೆಯ ಮೇಲಿವೆ. ಮುಂದೆ ಏನು ಬರುವುದೆಂದು ಕಣ್ಣಿಗೆ ಕಂಡರೆ ಅವನಿಗೆ ನೆಮ್ಮದಿ. ಭಾನುವಾರದ ಸಾಲಿನಲ್ಲಿ ದೇವಾಲಯದ ಚಿತ್ರ, ಅದರ ನಂತರ ಒಂದು ಘಂಟೆಯ ಚಿತ್ರ. ಅಂದು ಅವನು ನೆಲಕ್ಕೆ ಬಿದ್ದು ಹೊರಳಿದುದು ಹಟದಿಂದಲ್ಲ, ಭಕ್ತಿಯಿಲ್ಲದೆಯೂ ಅಲ್ಲ. ನಮಗೆ ಇಂಪಾಗಿ ಕೇಳುವ ಘಂಟೆ ಅವನ ಕಿವಿಗೆ ಸೂಜಿಯಿಂದ ಚುಚ್ಚಿದಂತೆ. ಅವನು ಈಗ ಕಿವಿಗೆ ಧರಿಸುವ ಕಪ್ಪು ಕವಚ ಹಾಡು ಕೇಳುವ ಯಂತ್ರವಲ್ಲ; ಸದ್ದನ್ನು ತಗ್ಗಿಸುವ ಸಾಧನ. ಅದನ್ನು ಕಂಡು ಗೊಣಗಿದವರು ಇನ್ನು ಮುಂದೆ ಗೊಣಗಲಾರರೆಂದು ನಂಬುತ್ತೇನೆ.

ಬಾಂಧವರೇ, ಒಬ್ಬಳೇ ತಾಯಿ ಇದನ್ನೆಲ್ಲ ಮಾಡಲಾರಳು. ಸಂತ ಮಾರ್ಕರ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದ ಪ್ರಸಂಗವಿದೆ. ಒಬ್ಬ ಹೊತ್ತಿದ್ದರೆ ದಾರಿಯಲ್ಲೇ ಕುಸಿಯುತ್ತಿದ್ದ. ನಾಲ್ವರಿದ್ದುದರಿಂದ ಮಾಳಿಗೆಯ ಮೇಲೂ ಹತ್ತಿದರು. ಆ ಹಾಸಿಗೆಯ ನಾಲ್ಕು ಮೂಲೆಗಳನ್ನು ಹಿಡಿಯಬೇಕಾದವರು ಯಾರು?

ಮೊದಲ ಮೂಲೆ ತಂದೆಯದು. ದುಡಿದು ತಂದುಹಾಕಿದರೆ ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯುವ ತಂದೆಯರು ನಮ್ಮಲ್ಲಿ ಹೆಚ್ಚು. ನನ್ನ ಮಗನೂ ಮೊದಲು ಹಾಗೆಯೇ ಇದ್ದ. ಸಂಕಟವನ್ನು ಹೇಳಿಕೊಳ್ಳಲಾಗದೆ ತಡವಾಗಿ ಮನೆಗೆ ಬರುತ್ತಿದ್ದ. ಈಗ ಸಂಜೆ ಒಂದು ಗಂಟೆ ಮಗ ಅವನ ಪಾಲು. ಆ ಒಂದು ಗಂಟೆಯಿಂದ ಗಂಡಹೆಂಡಿರ ನಡುವೆ ಮಾತು ಮರಳಿ ಬಂತು. ಎರಡನೆಯ ಮೂಲೆ ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರದು. ಮದುವೆಗೂ ನಾಮಕರಣಕ್ಕೂ ಇವರನ್ನು ಕರೆಯಿರಿ; ಮಗುವನ್ನು ಬಿಟ್ಟು ಬನ್ನಿ ಎಂಬ ಷರತ್ತಿಲ್ಲದೆ ಕರೆಯಿರಿ. ಮೂರನೆಯದು ಒಡಹುಟ್ಟಿದವರದು. ಇಲ್ಲಿ ಒಂದು ಎಚ್ಚರಿಕೆ ಬೇಕು. ನನ್ನ ಮೊಮ್ಮಗಳು ತಮ್ಮನಿಗಿಂತ ಮೂರು ವರ್ಷ ದೊಡ್ಡವಳು. ಒಂದು ದಿನ, "ತಾತ, ನಾನೂ ಜೋರಾಗಿ ಅತ್ತರೆ ಅಮ್ಮ ನನ್ನ ಹತ್ತಿರಾನೂ ಬರ್ತಾಳಾ?" ಎಂದು ಕೇಳಿದಳು. ಅಕ್ಕನನ್ನು ಎರಡನೆಯ ತಾಯಿಯನ್ನಾಗಿ ಮಾಡಬಾರದೆಂಬುದನ್ನು ನಮಗೆ ಕಲಿಸಿದವಳು ಅವಳೇ. ಅವಳ ಪಾಲಿನ ಆಟವನ್ನೂ ಮುದ್ದನ್ನೂ ಅವಳಿಗೆ ಉಳಿಸಿಕೊಡಬೇಕು. ಹಾಗೆ ಉಳಿಸಿದಾಗ, ಯಾರೂ ಹೇಳದೆಯೇ ಅವಳು ತನ್ನ ತಮ್ಮನ ಕೈ ಹಿಡಿಯುತ್ತಾಳೆ.

ನಾಲ್ಕನೆಯ ಮೂಲೆ ನಮ್ಮೆಲ್ಲರದು, ಧರ್ಮಕೇಂದ್ರದ್ದು. ಅದು ಇಂದಿಗೂ ನೆಲಕ್ಕೆ ತಾಗುತ್ತಿದೆ. ಕಫೆರ್ನವುಮಿನಲ್ಲಿ ಆ ನಾಲ್ವರು ಮಾಳಿಗೆಯನ್ನು ಬಿಚ್ಚಿದಾಗ ಮನೆಯ ಯಜಮಾನನಿಗೆ ನಷ್ಟವಾಗಿರಬೇಕು. ಕುಳಿತು ಕೇಳುತ್ತಿದ್ದವರ ಮೇಲೆ ಮಣ್ಣು ಉದುರಿರಬೇಕು. ಪ್ರಭು ಅದಕ್ಕಾಗಿ ಯಾರನ್ನೂ ಗದರಿಸಲಿಲ್ಲ. ನಮ್ಮ ಪೂಜೆಯ ನಿಶ್ಶಬ್ದಕ್ಕೆ ಒಂದಿಷ್ಟು ಭಂಗ ಬಂದರೆ ಸಹಿಸಿಕೊಳ್ಳಲು ನಮ್ಮಿಂದ ಏಕೆ ಆಗದು?

ಧರ್ಮಸಭೆಯ ಇತಿಹಾಸದಲ್ಲೇ ಇದಕ್ಕೊಂದು ಪಾಠವಿದೆ. 1960ರ ದಶಕದಲ್ಲಿ ಫ್ರಾನ್ಸ್ ದೇಶದ ದಂಪತಿಗಳು ತೀವ್ರ ಬುದ್ಧಿಮಾಂದ್ಯತೆ ಇದ್ದ ತಮ್ಮ ಇಬ್ಬರು ಗಂಡು ಮಕ್ಕಳೊಡನೆ ಲೂರ್ದು ಮಾತೆಯ ದರ್ಶನಕ್ಕೆ ಹೊರಟರು. ಯಾತ್ರೆಯ ತಂಡ ಅವರನ್ನು ಸೇರಿಸಿಕೊಳ್ಳಲಿಲ್ಲ. ಮಕ್ಕಳಿಗೆ ಏನೂ ತಿಳಿಯದು, ಇತರರಿಗೆ ತೊಂದರೆ ಎಂದಿತು. ತಾವಾಗಿಯೇ ಹೋದರೆ, ವಸತಿಗೃಹದಲ್ಲಿ ಅವರಿಗೆ ಕೋಣೆಯೊಳಗೇ ಊಟ ಕೊಟ್ಟರು. ಇತರರ ಕಣ್ಣಿಗೆ ಆ ಮಕ್ಕಳು ಬೀಳಬಾರದೆಂದು! ಈ ನೋವಿನಿಂದಲೇ ಒಂದು ಹೊಸ ಯಾತ್ರೆ ಹುಟ್ಟಿತು. ಮರೀ ಹೆಲೆನ್ ಮತ್ಯು ಎಂಬ ಮಹಿಳೆಯೂ ಅವರ ಜೊತೆಗಾರರೂ ಸೇರಿ 1971ರ ಪಾಸ್ಖ ಹಬ್ಬಕ್ಕೆ ಇಂತಹ ಕುಟುಂಬಗಳನ್ನೇ ಲೂರ್ದಿಗೆ ಕರೆದೊಯ್ದರು. ಹದಿನೈದು ದೇಶಗಳಿಂದ ಸುಮಾರು 12,000 ಮಂದಿ ನೆರೆದರು. ಅವರಲ್ಲಿ ಸುಮಾರು 4,000 ಮಂದಿ ಬುದ್ಧಿಮಾಂದ್ಯತೆ ಉಳ್ಳವರು. ಅಂದು ಹುಟ್ಟಿದ 'ವಿಶ್ವಾಸ ಮತ್ತು ಬೆಳಕು' ಎಂಬ ಬಳಗ ಇಂದು ಅನೇಕ ದೇಶಗಳಲ್ಲಿದೆ. ಮುಚ್ಚಿದ ಒಂದು ಕೋಣೆಯ ಬಾಗಿಲು ಹೀಗೆ ತೆರೆಯಿತು.

ಸಂಸ್ಕಾರಗಳ ವಿಷಯದಲ್ಲೂ ಅನುಮಾನಕ್ಕೆ ಎಡೆಯಿಲ್ಲ. ಸಾಮಾನ್ಯ ರೊಟ್ಟಿಗೂ ಪರಮ ಪ್ರಸಾದಕ್ಕೂ ಇರುವ ಭೇದವನ್ನು ತನ್ನ ಮಟ್ಟಿಗೆ ಅರಿತ ಮಗುವನ್ನು ಪ್ರಭುಭೋಜನದಿಂದ ದೂರ ಇಡಬಾರದೆಂದು ಸಂತ ಹತ್ತನೆಯ ಪಿಯುಸ್ ಜಗದ್ಗುರುಗಳು 1910ರಲ್ಲೇ ವಿಧಿಸಿದ್ದರು. ಅಂಗವೈಕಲ್ಯ ಉಳ್ಳವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲವೆಂದು 2020ರಲ್ಲಿ ಪ್ರಕಟವಾದ ಧರ್ಮೋಪದೇಶದ ಮಾರ್ಗದರ್ಶಿ ತಿಳಿಸುತ್ತದೆ. 2025ರಲ್ಲಿ ದೈವಾಧೀನರಾದ ಫ್ರಾನ್ಸಿಸ್ ಜಗದ್ಗುರುಗಳು 2014ರ ನವೆಂಬರಿನಲ್ಲಿ ಸ್ವಲೀನತೆ ಉಳ್ಳ ಮಕ್ಕಳನ್ನೂ ಅವರ ಕುಟುಂಬಗಳನ್ನೂ ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡು, ಈ ಕುಟುಂಬಗಳ ಏಕಾಂಗಿತನವನ್ನು ನೀಗಿಸುವುದು ಎಲ್ಲರ ಹೊಣೆಯೆಂದು ನೆನಪಿಸಿದರು.

ನಮ್ಮ ದೇಶದ ಕಾನೂನೂ ಬಹಳ ನಿಧಾನವಾಗಿ ಇತ್ತ ಕಣ್ಣು ತೆರೆಯಿತು. 1995ರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಸೇರಿತು. 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಕಲಿಕೆಯ ತೊಡಕನ್ನೂ ಅದರಲ್ಲಿ ಸೇರಿಸಿತು. ನೂರಕ್ಕೆ 40ರಷ್ಟು ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮಗುವಿಗೆ 18 ತುಂಬಿದ ಮೇಲೆ ಅಗತ್ಯವಿದ್ದರೆ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ 1999ರ ಕಾಯಿದೆಯಡಿ ಅಧಿಕಾರವಿದೆ. ನಾಚಿಕೆಯಿಂದ ಪ್ರಮಾಣಪತ್ರವನ್ನೇ ಮಾಡಿಸದ ಕುಟುಂಬಗಳು ಇದರಿಂದೆಲ್ಲ ವಂಚಿತವಾಗುತ್ತವೆ. ಮಧ್ಯರಾತ್ರಿ ಎಚ್ಚರವಾದಾಗ ಇಂತಹ ಪ್ರತಿಯೊಬ್ಬ ತಾಯಿಯೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾವು ಕಣ್ಣು ಮುಚ್ಚಿದ ಮೇಲೆ ಈ ಮಗುವಿಗೆ ಯಾರು? ಕಾನೂನು ಒಬ್ಬ ಪಾಲಕನನ್ನು ಕೊಡಬಲ್ಲದು. ನೆಂಟರನ್ನೂ ನೆರೆಹೊರೆಯವರನ್ನೂ ಅದು ಕೊಡಲಾರದು.

ಆದ್ದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಕೆಲವು ಚಿಕ್ಕ ಕೆಲಸಗಳನ್ನು ಬೇಡಿಕೊಳ್ಳುತ್ತೇನೆ. ಪಕ್ಕದ ಬಾಗಿಲಿನ ಬಳಿಯ ಎರಡು ಬೆಂಚುಗಳನ್ನು ಇಂತಹ ಕುಟುಂಬಗಳಿಗೆ ಬಿಟ್ಟುಕೊಡೋಣ. ಮಗುವಿಗೆ ಸಹಿಸಲಾಗದಾಗ ಹೊರಗೆ ಹೋಗಿ ಮತ್ತೆ ಒಳಗೆ ಬರಲು ಅನುಕೂಲವಾಗುತ್ತದೆ. ಆ ಕಡೆಯ ಧ್ವನಿವರ್ಧಕವನ್ನು ಸ್ವಲ್ಪ ತಗ್ಗಿಸೋಣ. ಹಬ್ಬದ ದಿನ ಪಟಾಕಿ ಹಚ್ಚುವ ಮುನ್ನ ಅವರಿಗೆ ತಿಳಿಸೋಣ. ಧರ್ಮೋಪದೇಶದ ಉಪಾಧ್ಯಾಯಿನಿಯರಲ್ಲಿ ಇಬ್ಬರಾದರೂ ಚಿತ್ರಗಳ ಮೂಲಕ ಕಲಿಸುವ ಕ್ರಮವನ್ನು ಅಭ್ಯಸಿಸಲಿ. ಸ್ತ್ರೀ ಸಂಘದವರೂ ಯುವಜನರೂ ವಾರಕ್ಕೆ ಎರಡು ಗಂಟೆ ಇಂತಹ ಮನೆಗಳಿಗೆ ಹೋಗಿ ಮಗುವಿನೊಡನೆ ಇದ್ದರೆ, ಆ ತಾಯಿ ಅಷ್ಟು ಹೊತ್ತು ನಿದ್ರೆಯನ್ನಾದರೂ ಮಾಡಿಯಾಳು. ಪ್ರಮಾಣಪತ್ರಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಅಲೆಯುವಾಗ ಅಕ್ಷರ ಬಲ್ಲವರೊಬ್ಬರು ಜೊತೆಗೆ ಹೋಗಲಿ. ಕೇಳದ ಸಲಹೆಗಳನ್ನು ಕೊಡದಿರುವುದು ಎಲ್ಲಕ್ಕಿಂತ ದೊಡ್ಡ ಸಹಾಯ.

ನನ್ನ ಸೊಸೆ ದೇವಾಲಯಕ್ಕೆ ಹೇಗೆ ಮರಳಿದಳೆಂಬುದನ್ನು ಹೇಳಿ ಮುಗಿಸುತ್ತೇನೆ. ಅವಳನ್ನು ಕರೆತಂದವನು ನಾನಲ್ಲ. ಮಕ್ಕಳಿಗೆ ಬಹುಕಾಲ ಧರ್ಮೋಪದೇಶ ಕಲಿಸಿದ, ಈಗ ಪ್ರಭುವಿನ ಸನ್ನಿಧಿಯಲ್ಲಿರುವ ಒಬ್ಬ ವೃದ್ಧೆ ಅವರೆಕಾಯಿಯ ಕಾಲದಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದರು. ಏಕೆ ಬರುತ್ತಿಲ್ಲವೆಂದು ಕೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನೆನೆಸಿದ ಅವರೆಕಾಳನ್ನು ನನ್ನ ಸೊಸೆಯೊಡನೆ ಹಿತುಕುತ್ತ ಕುಳಿತರು. ಹುಡುಗ ತಾನಾಗಿ ಹತ್ತಿರ ಬಂದ. ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಕಾಳು ಚಿಮ್ಮುವುದನ್ನು ನೋಡಿ ಕುಳಿತೇಬಿಟ್ಟ. ಒಂದು ಗಂಟೆ ಕದಲದೆ ಪಾತ್ರೆ ತುಂಬಿಸಿದ. "ನಮ್ಮನೇಲಿ ಇಷ್ಟು ಚೆನ್ನಾಗಿ ಹಿತುಕೋರು ಯಾರೂ ಇಲ್ಲ ಕಣವ್ವ" ಎಂದರು ಆ ತಾಯಿ. ಅವನು ಹುಟ್ಟಿದ ಮೇಲೆ ಹೊರಗಿನವರೊಬ್ಬರು ಅವನನ್ನು ಹೊಗಳಿದುದು ಅದೇ ಮೊದಲು. ಏಳುವಾಗ, "ಭಾನುವಾರ ಹಿಂದಿನ ಬೆಂಚಲ್ಲಿ ನಿನ್ನ ಪಕ್ಕ ನಾನೂ ಕೂತ್ಕೋತೀನಿ, ಬಾ" ಎಂದರು. ಅವರು ಹೇಳಿದಂತೆಯೇ ನಡೆದುಕೊಂಡರು. ಮಗು ಕೂಗಿದಾಗಲೆಲ್ಲ ಅವಳೊಡನೆ ತಾವೂ ಎದ್ದು ಹೊರಗೆ ಹೋದರು. ಅವಳೊಡನೆಯೇ ಒಳಗೆ ಬಂದರು. ಆ ಬೆಂಚಿನಿಂದ ಹುಡುಗ ನಿಧಾನವಾಗಿ ದೇವಾಲಯವನ್ನು ಪರಿಚಯ ಮಾಡಿಕೊಂಡ. ಈಗ ಪೂಜೆ ಮುಗಿದ ಮೇಲೆ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳ ಅಂಕಿಗಳನ್ನೂ ಒಂದೊಂದಾಗಿ ಮುಟ್ಟದೆ ಅವನು ಮನೆಗೆ ಬರುವುದಿಲ್ಲ.

ಬರುವ ಪಾಸ್ಖ ಕಾಲದಲ್ಲಿ ಅವನು ಮೊದಲ ಪರಮ ಪ್ರಸಾದವನ್ನು ಸ್ವೀಕರಿಸಲಿದ್ದಾನೆ. ನಾಲಿಗೆಗೆ ಅದರ ಸ್ಪರ್ಶ ಹೊಸದಾದ್ದರಿಂದ, ಗುರುಗಳು ಇನ್ನೂ ಪವಿತ್ರೀಕರಿಸದ ಅಪ್ಪದಿಂದ ವಾರವಾರವೂ ಅವನಿಗೆ ಅಭ್ಯಾಸ ಮಾಡಿಸುತ್ತಿದ್ದಾರೆ. ಶಿಲುಬೆಯ ಚಿತ್ರವನ್ನು ತೋರಿಸಿ, ಆಮೇಲೆ ಅಪ್ಪದ ಚಿತ್ರವನ್ನು ತೋರಿಸಿದರೆ, ತನ್ನ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಇದು ಅವನ ಉತ್ತರವೆಂದು ಗುರುಗಳು ಒಪ್ಪಿದ್ದಾರೆ. ಅಂದು ಎಲ್ಲವೂ ಸುಸೂತ್ರವಾಗಿ ನಡೆಯುವುದೆಂದು ನಾನು ಭರವಸೆ ಕೊಡಲಾರೆ. ಅವನು ಕೂಗಬಹುದು, ಓಡಬಹುದು, ಪ್ರಸಾದವನ್ನು ಸ್ವೀಕರಿಸದೆಯೂ ಹಿಂದಿರುಗಬಹುದು. ಆಗ ಮತ್ತೊಂದು ಭಾನುವಾರ ಬರುತ್ತೇವೆ. ನೀವು ತಿರುಗಿ ನೋಡಬೇಡಿ ಎಂದು ನಾನು ಕೇಳುವುದಿಲ್ಲ. ನೋಡಿ, ಆದರೆ ನಮ್ಮ ಮನೆಯ ಮಗು ಎಂದು ನೋಡಿ. ಅವನನ್ನು ಅವನ ಹೆಸರಿನಿಂದ ಕರೆಯಿರಿ. ಅದು ಈ ದೇವಾಲಯದ ಪುಸ್ತಕದಲ್ಲಿ ಬರೆದಿದೆ.